ಮೈಮೇಲಿನಿಂದ ಹಾಲಿನ ಕ್ಯಾನಿನವರೆಗೆ: ಸ್ಟ್ಯಾಫಿಲೊಕಾಕಸ್ ರೋಗ ತರುವ ಬಗೆ

ಸ್ಟ್ಯಾಫಿಲೊಕಾಕಸ್ ಮನುಷ್ಯರ ಮೈಮೇಲೆಯೇ ನೆಲೆಸಿರುವ ಬ್ಯಾಕ್ಟೀರಿಯಾ. ಅದರ ಒಂದೊಂದು ಕೋಶವೂ ದುಂಡಗಿದ್ದು, ಸುಮಾರು 1 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲಿನಷ್ಟು ಅಗಲವಿರುತ್ತದೆ. ಸೂಕ್ಷ್ಮದರ್ಶಕದಲ್ಲಿ ಈ ಕೋಶಗಳು ದ್ರಾಕ್ಷಿ ಗೊಂಚಲಿನಂತೆ ಕಾಣುತ್ತವೆ. 1880ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್ ನಗರದ ಶಸ್ತ್ರವೈದ್ಯ ಅಲೆಕ್ಸಾಂಡರ್ ಆಗ್‌ಸ್ಟನ್ ರೋಗಿಗಳ ಕೀವಿನಲ್ಲಿ ಇವನ್ನು ಕಂಡರು. ಗಾಯ ಕೀವಾಗುವುದು ಮಾಯುವಿಕೆಯ ಸಹಜ ಹಂತವೆಂದು ಅಲ್ಲಿಯವರೆಗೆ ಅನೇಕರು ನಂಬಿದ್ದರು. ಅದು ಸೋಂಕಿನ ಫಲವೆಂಬುದು ಅವರ ಪ್ರಯೋಗಗಳಿಂದ ತಿಳಿಯಿತು.

ಈ ಕುಲದಲ್ಲಿ ಹಲವು ಪ್ರಭೇದಗಳಿವೆ. ಮನುಷ್ಯರಿಗೆ ಹೆಚ್ಚು ರೋಗ ತರುವುದು ಆರಿಯಸ್ ಪ್ರಭೇದ. ಸುಮಾರು ಮೂವರಲ್ಲಿ ಒಬ್ಬರ ಮೂಗಿನ ಹೊಳ್ಳೆಯಲ್ಲಿ ಇದು ಯಾವ ತೊಂದರೆಯನ್ನೂ ಕೊಡದೆ ಇರುತ್ತದೆ. ಮೂಗು ಮುಟ್ಟಿದ ಕೈಗೆ ಅಂಟಿ, ಕೈಯಿಂದ ಬಟ್ಟೆಗೆ, ಪಾತ್ರೆಗೆ, ಇನ್ನೊಬ್ಬರ ಮೈಗೆ ಸಾಗುತ್ತದೆ. ಚರ್ಮ ಇಡಿಯಾಗಿರುವ ತನಕ ಒಳಗೆ ಹೋಗಲು ಅದಕ್ಕೆ ದಾರಿಯಿಲ್ಲ. ಮುಳ್ಳು ಚುಚ್ಚಿದ ಜಾಗ, ಕುಡುಗೋಲು ತಾಗಿದ ಗಾಯ, ಕೆರೆದುಕೊಂಡ ಗುಳ್ಳೆ, ಕೂದಲ ಬುಡ, ಆಪರೇಷನ್ ಹೊಲಿಗೆ ಇವೇ ಅದರ ಬಾಗಿಲುಗಳು.

ಒಳಹೊಕ್ಕ ಬ್ಯಾಕ್ಟೀರಿಯಾ ಮೊದಲು ಅಂಗಾಂಶಕ್ಕೆ ಅಂಟಿಕೊಂಡು ಬೆಳೆಯುತ್ತದೆ. ಅದನ್ನು ನುಂಗಲು ರಕ್ತದ ಬಿಳಿಕಣಗಳು ಧಾವಿಸುತ್ತವೆ. ಆರಿಯಸ್ ಬಳಿ ಇದಕ್ಕೆ ಹಲವು ಉತ್ತರಗಳಿವೆ. ಕೊಯಾಗ್ಯುಲೇಸ್ ಎಂಬ ಪ್ರೋಟೀನಿನಿಂದ ಸುತ್ತಲಿನ ದ್ರವವನ್ನು ಹೆಪ್ಪುಗಟ್ಟಿಸಿ ಅದರ ಮರೆಯಲ್ಲಿ ಅಡಗುತ್ತದೆ. ಅದರ ಮೇಲ್ಮೈಯಲ್ಲಿರುವ ಪ್ರೋಟೀನ್ ‘ಎ’ ದೇಹದ ಪ್ರತಿಕಾಯಗಳನ್ನು ತಲೆಕೆಳಗಾಗಿ ಹಿಡಿದು ಕೆಲಸಕ್ಕೆ ಬಾರದಂತೆ ಮಾಡುತ್ತದೆ. ಅದು ಸ್ರವಿಸುವ ಕೆಲವು ವಿಷಗಳು ಬಿಳಿಕಣಗಳ ಪೊರೆಗೇ ತೂತು ಕೊರೆಯುತ್ತವೆ. ಸತ್ತ ಬಿಳಿಕಣ, ಕೊಳೆತ ಅಂಗಾಂಶ, ಬ್ಯಾಕ್ಟೀರಿಯಾ ಎಲ್ಲ ಸೇರಿದ್ದೇ ಕೀವು. ಕುರು, ಮಕ್ಕಳ ಮುಖದಲ್ಲಿ ಏಳುವ ಹೊಪ್ಪಳೆಯ ಹುಣ್ಣು, ಕಣ್ಣಿನ ರೆಪ್ಪೆಯ ಅಂಚಿನ ಗುಳ್ಳೆ, ಹಾಲೂಡಿಸುವ ತಾಯಂದಿರ ಮೊಲೆಯ ಬಾವು ಇವುಗಳಿಗೆಲ್ಲ ಬಹುಪಾಲು ಇದೇ ಕಾರಣ.

ಕೀವು ಒಂದೆಡೆ ಕಟ್ಟಿಕೊಂಡು ಒಡೆದು ಹೋದರೆ ರೋಗ ಅಲ್ಲಿಗೇ ಮುಗಿಯುತ್ತದೆ. ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿದರೆ ಅಪಾಯ ದೊಡ್ಡದು. ಆಗ ಅದು ಮೂಳೆ, ಕೀಲು, ಶ್ವಾಸಕೋಶ, ಹೃದಯದ ಕವಾಟಗಳಲ್ಲಿ ನೆಲೆಯೂರಿ ಜೀವಕ್ಕೆ ಕುತ್ತು ತರುತ್ತದೆ. ಸಕ್ಕರೆ ಕಾಯಿಲೆ ಇರುವವರು, ಡಯಾಲಿಸಿಸ್ ಮಾಡಿಸಿಕೊಳ್ಳುವವರು, ಹಸುಗೂಸುಗಳು, ವಯಸ್ಸಾದವರು ಹೆಚ್ಚು ಎಚ್ಚರದಿಂದಿರಬೇಕು. ಸಾಮಾನ್ಯವಾಗಿ ನಿರುಪದ್ರವಿಯಾದ ಎಪಿಡರ್ಮಿಡಿಸ್ ಪ್ರಭೇದವೂ ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಹಾಕಿದ ಕೊಳವೆ, ಕೃತಕ ಕೀಲು, ಕೃತಕ ಕವಾಟಗಳ ಮೇಲೆ ಲೋಳೆಪದರ ಕಟ್ಟಿಕೊಂಡು ಸೋಂಕು ತರುತ್ತದೆ. ಆ ಪದರದೊಳಕ್ಕೆ ಔಷಧ ಸರಿಯಾಗಿ ತಲುಪದ ಕಾರಣ ಅನೇಕ ಸಲ ಕೊಳವೆಯನ್ನೇ ತೆಗೆಯಬೇಕಾಗುತ್ತದೆ.

ಬ್ಯಾಕ್ಟೀರಿಯಾ ಮೈಯೊಳಗೆ ಬೆಳೆಯದೆ, ಅದರ ವಿಷ ಮಾತ್ರ ಹೊಟ್ಟೆ ಸೇರಿಯೂ ರೋಗ ಬರುತ್ತದೆ. ಹೈನುಗಾರಿಕೆಯೇ ಅನೇಕ ಮನೆಗಳಿಗೆ ಆಧಾರವಾಗಿರುವ ಕುಣಿಗಲ್, ಗುಬ್ಬಿ, ತುಮಕೂರು ಸೀಮೆಯಲ್ಲಿ ಇದನ್ನು ಅರಿತಿರುವುದು ಮುಖ್ಯ. ಹಸುಗಳ ಕೆಚ್ಚಲು ಬಾವಿಗೆ ಆರಿಯಸ್ ಪ್ರಮುಖ ಕಾರಣಗಳಲ್ಲೊಂದು. ಕೆಚ್ಚಲು ಊದಿ ಹಾಲು ಒಡೆದಾಗ ರೋಗ ಕಣ್ಣಿಗೆ ಬೀಳುತ್ತದೆ. ಎಷ್ಟೋ ಸಲ ಹೊರಗೆ ಯಾವ ಲಕ್ಷಣವೂ ಇಲ್ಲದೆ ಹಾಲಿನಲ್ಲಿ ಬ್ಯಾಕ್ಟೀರಿಯಾ ಬರುತ್ತಿರುತ್ತದೆ.

1914ರಲ್ಲಿ ಫಿಲಿಪೈನ್ಸಿನಲ್ಲಿ ಎಂ. ಎ. ಬಾರ್ಬರ್ ಎಂಬ ವಿಜ್ಞಾನಿ ಇಂಥ ಒಂದು ಹಸುವಿನ ಹಾಲನ್ನು ತಾವೇ ಕುಡಿದು ಪರೀಕ್ಷಿಸಿದರು. ಆಗ ತಾನೇ ಕರೆದ ಹಾಲಿನಿಂದ ಏನೂ ಆಗಲಿಲ್ಲ. ಸೆಕೆಯಲ್ಲಿ ಕೆಲವು ಗಂಟೆ ಇಟ್ಟ ಹಾಲು ವಾಂತಿ ಭೇದಿ ತಂದಿತು. ಹಾಲು ಬೆಚ್ಚಗಿದ್ದಷ್ಟು ಹೊತ್ತೂ ಬ್ಯಾಕ್ಟೀರಿಯಾ ಬೆಳೆದು ಎಂಟರೊಟಾಕ್ಸಿನ್ ಎಂಬ ವಿಷವನ್ನು ಬಿಡುತ್ತಾ ಹೋಗುತ್ತದೆ. ಹಾಲು ಕಾಯಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಆದರೆ ಆಗಲೇ ಸೇರಿಕೊಂಡ ವಿಷ ಕುದಿತಕ್ಕೂ ಜಗ್ಗುವುದಿಲ್ಲ. 2000ದಲ್ಲಿ ಜಪಾನಿನ ಕಾರ್ಖಾನೆಯೊಂದರಲ್ಲಿ ವಿದ್ಯುತ್ ನಿಂತು ಹಾಲು ಬೆಚ್ಚಗೇ ಉಳಿದಿತ್ತು. ಅದರಿಂದ ತಯಾರಾದ ಹಾಲಿನ ಪುಡಿ ಮುಂದೆ ಬೇರೆ ಹಾಲಿನ ಪದಾರ್ಥಗಳಿಗೆ ಸೇರಿ, ಒಸಾಕಾ ಸುತ್ತಮುತ್ತ 13,000ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು.

ಹಾಗಾಗಿ ಕರೆದ ಹಾಲನ್ನು ತಡಮಾಡದೆ ಡೇರಿಗೆ ಹಾಕುವುದು, ಅಲ್ಲಿಂದ ಬೇಗ ಶೀತಲ ಘಟಕಕ್ಕೆ ತಲುಪಿಸಿ 4 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ತಂಪು ಮಾಡುವುದು ಕುಡಿಯುವವರ ಆರೋಗ್ಯವನ್ನೇ ಕಾಯುವ ಕೆಲಸ. ಕೊಟ್ಟಿಗೆಯಲ್ಲಿ ಕರೆಯುವ ಮುನ್ನ ಕೈ ಮತ್ತು ಕೆಚ್ಚಲನ್ನು ತೊಳೆದು ಒರೆಸಬೇಕು, ಬಾವು ಬಂದ ಹಸುವಿನ ಹಾಲನ್ನು ಬೇರೆ ಇಡಬೇಕು. ಹಾಲು ಕರೆದ ಬಳಿಕ ಮೊಲೆತೊಟ್ಟಿನ ರಂಧ್ರ ಮುಚ್ಚಲು ಅರ್ಧ ಗಂಟೆಯಾದರೂ ಬೇಕು. ಅಲ್ಲಿಯತನಕ ಹಸು ನೆಲಕ್ಕೆ ಮಲಗದಂತೆ ಮೇವು ಹಾಕಿದರೆ ಸೋಂಕು ತಗಲುವುದು ಕಡಿಮೆ.

ಅಡುಗೆಯವರ ಕೈಗಾಯದಿಂದಲೂ ಇದೇ ವಿಷ ಊಟ ಸೇರಬಲ್ಲದು. ಮದುವೆ, ತಿಥಿ, ಜಾತ್ರೆಗಳಿಗೆ ರಾತ್ರಿಯೇ ಮಾಡಿಟ್ಟ ಅನ್ನ, ಖೋವಾ, ಕೆನೆಯ ಸಿಹಿಗಳಲ್ಲಿ ಅಪಾಯ ಹೆಚ್ಚು. ವಿಷ ಬೆರೆತ ಆಹಾರದ ರುಚಿ, ವಾಸನೆ ಬದಲಾಗುವುದಿಲ್ಲ. ತಿಂದ ಅರ್ಧ ಗಂಟೆಯಿಂದ ಎಂಟು ಗಂಟೆಯೊಳಗೆ ವಾಂತಿ, ಹೊಟ್ಟೆನುಲಿತ, ಭೇದಿ ಶುರುವಾಗುತ್ತವೆ. ಹೆಚ್ಚಿನವರು ಒಂದು ದಿನದಲ್ಲಿ ಚೇತರಿಸಿಕೊಳ್ಳುತ್ತಾರೆ. ಇದಕ್ಕೆ ಆಂಟಿಬಯೋಟಿಕ್ ಬೇಕಿಲ್ಲ. ಓಆರ್‌ಎಸ್ ಕುಡಿಸಿ ಮೈಯ ನೀರು ಉಳಿಸಿಕೊಳ್ಳಬೇಕು, ಮಕ್ಕಳೂ ವೃದ್ಧರೂ ಬಳಲಿದರೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಮೈಯೊಳಗಿನ ಸೋಂಕಿಗೆ ಆಂಟಿಬಯೋಟಿಕ್ ಬೇಕಾಗಬಹುದು, ಆದರೆ ಆರಿಯಸ್ ಔಷಧಗಳಿಗೆ ಬೇಗ ಒಗ್ಗಿಕೊಳ್ಳುತ್ತದೆ. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿನ್ ಕಂಡುಕೊಂಡದ್ದೇ ಸ್ಟ್ಯಾಫಿಲೊಕಾಕಸ್ ಬೆಳೆಸಿದ್ದ ತಟ್ಟೆಯಲ್ಲಿ. 1940ರ ದಶಕದ ಕೊನೆಯ ಹೊತ್ತಿಗೆ ಆಸ್ಪತ್ರೆಗಳಲ್ಲಿ ಪೆನಿಸಿಲಿನ್‌ಗೆ ಬಗ್ಗದ ತಳಿಗಳು ಹರಡಿದ್ದವು. ಅವಕ್ಕಾಗಿ ಮೆಥಿಸಿಲಿನ್ ಬಂದು ಎರಡು ವರ್ಷವೂ ಕಳೆಯುವ ಮುನ್ನ, 1961ರಲ್ಲಿ, ಅದಕ್ಕೂ ಬಗ್ಗದ ತಳಿ ಬ್ರಿಟನ್ನಿನಲ್ಲಿ ವರದಿಯಾಯಿತು. ಅದೇ ಇಂದಿನ ಎಂಆರ್‌ಎಸ್‌ಎ. 2008 ಮತ್ತು 2009ರಲ್ಲಿ ಭಾರತದ 15 ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನದಲ್ಲಿ ಆರಿಯಸ್ ಮಾದರಿಗಳ ಪೈಕಿ ಶೇ. 40ರಷ್ಟು ಈ ಬಗೆಯವಾಗಿದ್ದವು.

ಈ ಬ್ಯಾಕ್ಟೀರಿಯಾ ವಿರುದ್ಧ ಮನುಷ್ಯರಿಗೆ ಲಸಿಕೆ ಇನ್ನೂ ಬಂದಿಲ್ಲ. ಒಮ್ಮೆ ಸೋಂಕು ಬಂದವರಿಗೆ ಮತ್ತೆ ಬಾರದೆಂಬ ಭರವಸೆಯೂ ಇಲ್ಲ. ಕೈಯನ್ನು ಸೋಪಿನಿಂದ ತೊಳೆಯುವುದು, ಗಾಯ ತೊಳೆದು ಶುಚಿಯಾದ ಬಟ್ಟೆ ಕಟ್ಟುವುದು, ಟವೆಲು, ಬ್ಲೇಡು ಹಂಚಿಕೊಳ್ಳದಿರುವುದು ಇದರ ದಾರಿಯನ್ನು ಮುಚ್ಚುತ್ತವೆ. ಕುರುವನ್ನು ಮನೆಯಲ್ಲೇ ಹಿಸುಕಬಾರದು. ದೊಡ್ಡ ಕುರುವಿಗೆ ವೈದ್ಯರು ಕೀವು ತೆಗೆಯುವುದೇ ಮುಖ್ಯ ಚಿಕಿತ್ಸೆ. ಕುರುವಿನ ಜೊತೆ ಜ್ವರ, ಚಳಿ ಬಂದರೆ, ಕೆಂಪು ಸುತ್ತಲೂ ಹರಡಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮನುಷ್ಯರಿಗಾಗಲಿ ಹಸುವಿಗಾಗಲಿ ಆಂಟಿಬಯೋಟಿಕ್ ಕೊಡುವುದು ವೈದ್ಯರ ಸಲಹೆಯಂತೆ, ಅವರು ಹೇಳಿದಷ್ಟು ದಿನ ಮಾತ್ರ ನಡೆಯಬೇಕು. ಔಷಧ ಕೊಟ್ಟ ಹಸುವಿನ ಹಾಲನ್ನು ಪಶುವೈದ್ಯರು ಹೇಳಿದ ಅವಧಿ ಮುಗಿಯುವವರೆಗೆ ಡೇರಿಗೆ ಹಾಕಬಾರದು.