ಧ್ವನಿಯ ದಾರಿಯಲ್ಲಿ ಬಣ್ಣದ ವೇಷ

ಸ್ವರ ಹಂಚುವ ಕಸುಬು ಬ್ರಹ್ಮಾವರಕ್ಕೆ ಹೊಸದಲ್ಲ. 1976ರ ಡಿಸೆಂಬರಿನಲ್ಲಿ ಮಂಗಳೂರು ಆಕಾಶವಾಣಿ ಶುರುವಾದಾಗ ಅದರ ಮಧ್ಯಮ ತರಂಗದ ಪ್ರಸಾರ ಗೋಪುರ ನಿಂತದ್ದು ಇಲ್ಲೇ. ರೇಡಿಯೋ ಮುಳ್ಳನ್ನು 1089 ಕಿಲೋಹರ್ಟ್ಸ್‌ಗೆ ತಂದರೆ ಕರಾವಳಿಯ ಮನೆಗಳಲ್ಲಿ ಯಕ್ಷಗಾನದ ತಾಳಮದ್ದಳೆ ಕೇಳಿಸುತ್ತಿತ್ತು. ವೇಷವಿಲ್ಲ, ಕುಣಿತವಿಲ್ಲ; ಭಾಗವತರ ಪದ, ಅರ್ಥಧಾರಿಗಳ ಮಾತು, ಅಷ್ಟೆ. ರೇಡಿಯೋಗೆಂದೇ ಹೇಳಿ ಮಾಡಿಸಿದಂಥ ಈ ಕಲೆ ರೇಡಿಯೋ ಹುಟ್ಟುವುದಕ್ಕೆ ಎಷ್ಟೋ ಮೊದಲೇ ಈ ನೆಲದಲ್ಲಿ ಸಿದ್ಧವಾಗಿ ಕೂತಿತ್ತು.

ಆಮೇಲೆ ಕ್ಯಾಸೆಟ್ಟಿನ ಕಾಲ ಬಂತು. ಸಾಲಿಗ್ರಾಮ ಮೇಳದ ಭಾಗವತ ಗುಂಡ್ಮಿ ಕಾಳಿಂಗ ನಾವಡರು 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರಿಗಿನ್ನೂ ಮೂವತ್ತರ ಆಸುಪಾಸು. ಅವರನ್ನು ಎದುರು ಕಂಡಿರದ ಒಂದು ತಲೆಮಾರು ಅವರ ಪದಗಳನ್ನು ಕ್ಯಾಸೆಟ್ಟಿನಿಂದಲೇ ಬಾಯಿಪಾಠ ಮಾಡಿಕೊಂಡಿತು. ಮುಖ ಕಾಣದಿದ್ದರೂ ಸ್ವರ ಸಾಕಾಯಿತು.

ಇವತ್ತಿನ ಬೇಡಿಕೆ ಬೇರೆ. ಮಂದಾರ್ತಿ ಮೇಳದ ಹರಕೆ ಆಟ ಯಾರ ಮನೆಯ ಬಯಲಲ್ಲೇ ಆಗಲಿ, ಮುಂಬೈಯಿಂದ, ಬೆಂಗಳೂರಿನಿಂದ, ದುಬೈಯಿಂದ ಮೊದಲು ಬರುವ ಪ್ರಶ್ನೆ ‘ಲೈವ್ ಇತ್ತಾ?’ ಲೈವ್ ಅಂದರೆ ಕಾಣಬೇಕು. ಕೇದಗೆ ಮುಂದಲೆ ಕಾಣಬೇಕು, ಬಣ್ಣದ ವೇಷದ ಒಡ್ಡೋಲಗ ಕಾಣಬೇಕು. ಸ್ವರಕ್ಕೆಂದು ಹಾಕಿದ ದಾರಿಯಲ್ಲಿ ಚಿತ್ರವನ್ನೂ ಸಾಗಿಸುವುದು ಹೇಗೆ? ಈ ಪ್ರಶ್ನೆಯನ್ನು ಮುಕ್ತ ತಂತ್ರಾಂಶದವರು ಇಪ್ಪತ್ತು ವರ್ಷಗಳ ಹಿಂದೆಯೇ ಎದುರಿಸಿದ್ದರು.

ಜಾಕ್ ಮೋಫಿಟ್ ಮತ್ತು ಭರತ್ ರಾಘವನ್ ಎಂಬಿಬ್ಬರು 1998-99ರಲ್ಲಿ ‘ಐಸ್‌ಕಾಸ್ಟ್’ ಬರೆದರು. ಅಂತರಜಾಲ ರೇಡಿಯೋ ನಡೆಸುವ ಸರ್ವರ್ ಅದು. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು. ಅದರ ಕೆಲಸವೂ ಸರಳ: ಒಂದು ಕಡೆಯಿಂದ ಧ್ವನಿ ಬರುತ್ತದೆ, ಕೇಳುವವರು ಎಷ್ಟು ಮಂದಿಯೋ ಅಷ್ಟು ಪ್ರತಿಗಳಾಗಿ ಆಚೆ ಹೋಗುತ್ತದೆ. ಒಳಗೆ ಏನಿದೆ ಎಂದು ಅದು ಬಿಡಿಸಿ ಕೇಳುವುದಿಲ್ಲ. ಪೂರ್ತಿ ಹೊಸದಾಗಿ ಬರೆದ ಎರಡನೆಯ ಆವೃತ್ತಿ 2004ರ ಜನವರಿಯಲ್ಲಿ ಬಂತು. ಅದೇ ವರ್ಷದ ಕೊನೆಗೆ, 2.2ರಲ್ಲಿ, ‘ಥಿಯೋರಾ’ ಎಂಬ ಮುಕ್ತ ವಿಡಿಯೋ ರೂಪಕ್ಕೆ ಜಾಗವಾಯಿತು. 2014ರ 2.4 ಆವೃತ್ತಿ ‘ವೆಬ್‌ಎಂ’ ಅನ್ನೂ ಸೇರಿಸಿಕೊಂಡಿತು.

ಬಿಡಿಸಿ ನೋಡದ ಸರ್ವರ್‌ಗೆ ಧ್ವನಿಯಾದರೇನು, ಚಿತ್ರವಾದರೇನು? ಸುಲಭವೆಂದೇ ತೋರುತ್ತದೆ. ತೊಡಕು ತಡವಾಗಿ ಬರುವವರದು. ಎಂಪಿ3 ಧ್ವನಿಯ ಒಂದು ತುಣುಕು ಸುಮಾರು 26 ಮಿಲಿಸೆಕೆಂಡಿನದು. ಕೇಳುವವನು ಯಾವ ಹೊತ್ತಿನಲ್ಲಿ ಬಂದರೂ ಮುಂದಿನ ತುಣುಕಿನಿಂದ ಪದ ಹಿಡಿದುಕೊಳ್ಳುತ್ತಾನೆ. ವಿಡಿಯೋ ಹಾಗಲ್ಲ. ಅದರಲ್ಲಿ ಪೂರ್ತಿ ಚಿತ್ರ ಇರುವುದು ಆಗೊಮ್ಮೆ ಈಗೊಮ್ಮೆ ಮಾತ್ರ. ಅದಕ್ಕೆ ಕೀಫ್ರೇಮ್ ಎನ್ನುತ್ತಾರೆ. ನಡುವಿನವೆಲ್ಲ ‘ಹಿಂದಿನದಕ್ಕಿಂತ ಇಷ್ಟು ಬದಲಾಗಿದೆ’ ಎಂಬ ಲೆಕ್ಕ. ನಡುವೆ ಬಂದವನಿಗೆ ಬರೀ ಬದಲಾವಣೆಯ ಲೆಕ್ಕ ಕೊಟ್ಟರೆ ಪರದೆಯ ಮೇಲೆ ಬೂದು ಕಲೆಗಳೇ. ಆದ್ದರಿಂದ ಸರ್ವರ್ ಎರಡು ಕೆಲಸ ಕಲಿಯಬೇಕಾಯಿತು: ಪ್ರಸಾರದ ಆರಂಭದಲ್ಲಿ ಬರುವ ವಿವರದ ಪೊಟ್ಟಣಗಳನ್ನು ಜೋಪಾನ ಮಾಡಿ ಹೊಸಬರಿಗೆಲ್ಲ ಮೊದಲು ಕೊಡುವುದು, ಕೀಫ್ರೇಮ್ ಎಲ್ಲಿದೆ ಎಂದು ಗುರುತಿಟ್ಟುಕೊಂಡು ಅಲ್ಲಿಂದಲೇ ಹೊರಡಿಸುವುದು.

‘ಬದಲಾವಣೆಯ ಲೆಕ್ಕ’ ಎಂದೆನಲ್ಲ, ಯಕ್ಷಗಾನದ ಮಟ್ಟಿಗೆ ದುಬಾರಿ ಬಾಬತ್ತು ಅದೇ. ತಾಳಮದ್ದಳೆಯಲ್ಲಿ ಕೂತವರು ಕೂತಲ್ಲೇ. ತುಟಿ, ಕೈ ಅಲುಗುತ್ತವೆ, ಹಿಂದಿನ ಪರದೆ ಹಾಗೇ ಇರುತ್ತದೆ. ಸ್ವಲ್ಪ ಡೇಟಾದಲ್ಲೇ ಚಿತ್ರ ಚೊಕ್ಕ. ಅದೇ ಬಡಗುತಿಟ್ಟಿನ ವೇಷಧಾರಿ ಮಂಡಿ ಊರಿ ಗಿರಗಿರನೆ ತಿರುಗತೊಡಗಿದ ಎನ್ನಿ. ಕಿರೀಟದ ಮಿಣುಕು, ಎದೆಕಟ್ಟು, ಹಾರುವ ಶಾಲು, ಪ್ರತಿ ಚಿತ್ರದಲ್ಲೂ ಎಲ್ಲವೂ ಬೇರೆ. ಬಯಲಿನ ಕತ್ತಲೆಗೆ ಕ್ಯಾಮೆರಾ ಎಬ್ಬಿಸುವ ಕಾಳುಕಾಳು ಗದ್ದಲವನ್ನೂ ಯಂತ್ರ ಬದಲಾವಣೆಯೆಂದೇ ಎಣಿಸುತ್ತದೆ. ಬಡಗಿನ ಹೆಸರಾಂತ ವೇಷಧಾರಿ ಹಾರಾಡಿ ರಾಮಗಾಣಿಗರ ಊರಿನ ಪಕ್ಕದಲ್ಲೇ ನಿಂತು ಲೈವ್ ಬಿಡುವವರು ಇದನ್ನು ಪುಸ್ತಕದಿಂದ ಕಲಿಯಬೇಕಾಗಿಲ್ಲ. ಜನ ಕಾದು ಕೂತ ಕುಣಿತಕ್ಕೇ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ರಂಗಸ್ಥಳಕ್ಕೆ ಇನ್ನೊಂದು ಒಳ್ಳೆಯ ದೀಪ ಕಟ್ಟಿಸುವುದು ಹೊಸ ಕ್ಯಾಮೆರಾ ಕೊಳ್ಳುವುದಕ್ಕಿಂತ ಹೆಚ್ಚು ಉಪಕಾರಿ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಇನ್ನು ತಾಳದ ವಿಷಯ. ಮಿಕ್ಸರಿನಿಂದ ಬರುವ ಸ್ವರ ಕ್ಷಣದಲ್ಲಿ ಕಂಪ್ಯೂಟರ್ ಮುಟ್ಟುತ್ತದೆ. ಕ್ಯಾಮೆರಾದ ಚಿತ್ರ ಒಳಗೆ ಅರೆದು ಹೊರಬರುವಷ್ಟರಲ್ಲಿ ತುಸು ತಡ. ಹೀಗಾಗಿ ಹೆಜ್ಜೆ ಬೀಳುವ ಮೊದಲೇ ಚಂಡೆಯ ಪೆಟ್ಟು ಕೇಳಿಸುತ್ತದೆ. ಪ್ರಸಾರದ ಅಂತರರಾಷ್ಟ್ರೀಯ ಶಿಫಾರಸಿನ ಪ್ರಕಾರ ಸ್ವರ 45 ಮಿಲಿಸೆಕೆಂಡ್ ಮುಂದಾದರೆ ನೋಡುಗರಿಗೆ ಗೊತ್ತಾಗುತ್ತದೆ, ಹಿಂದಾದರೆ 125ರವರೆಗೂ ಗೊತ್ತಾಗುವುದಿಲ್ಲ. ಕಾರಣ ಬಯಲಿನಲ್ಲೇ ಇದೆ. ರಂಗಸ್ಥಳದಿಂದ ಮೂವತ್ತು ಮೀಟರ್ ಹಿಂದೆ ಕೂತವನಿಗೆ ಚಂಡೆ ಸುಮಾರು 90 ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ; ಧ್ವನಿವರ್ಧಕ ಇಲ್ಲದ ಕಾಲದಿಂದಲೂ ಕಿವಿ ಅದಕ್ಕೆ ಒಗ್ಗಿದೆ. ಸ್ವರ ಮುಂದೋಡುವುದನ್ನು ಮಾತ್ರ ಅದು ಎಲ್ಲೂ ಕಂಡಿಲ್ಲ. ‘ಓಬಿಎಸ್’ನಂಥ ಮುಕ್ತ ತಂತ್ರಾಂಶದಲ್ಲಿ ಸ್ವರವನ್ನು ಬೇಕಾದಷ್ಟು ತಡೆದು ಬಿಡುವ ಸೌಲಭ್ಯ ಇರುವುದು ಇದಕ್ಕೇ.

ನೋಡುಗನ ಫೋನಿನಲ್ಲಿ ಸಿಗ್ನಲ್ ತೂಗಾಡಿದಾಗ ಯಾವುದನ್ನು ಉಳಿಸಬೇಕು? ಬಹುತೇಕ ಪ್ಲೇಯರುಗಳು ಸ್ವರದ ಗಡಿಯಾರವನ್ನೇ ಹಿಡಿದು ನಡೆಯುತ್ತವೆ. ಚಿತ್ರ ಹಿಂದೆ ಬಿದ್ದರೆ ಒಂದೆರಡು ಫ್ರೇಮ್ ಬಿಟ್ಟುಕೊಟ್ಟು ಓಡಿ ಸೇರಿಕೊಳ್ಳುತ್ತವೆ, ಸ್ವರವನ್ನು ಮುರಿಯುವುದಿಲ್ಲ. ಕಣ್ಣು ಕ್ಷಮಿಸುವಷ್ಟು ಕಿವಿ ಕ್ಷಮಿಸುವುದಿಲ್ಲ. ಯಕ್ಷಗಾನದಲ್ಲಿ ಭಾಗವತರನ್ನು ‘ಒಂದನೇ ವೇಷ’ ಎಂದು ಕರೆಯುತ್ತಾರೆ. ಅವರು ವೇಷ ಕಟ್ಟುವುದೇ ಇಲ್ಲ, ಆದರೂ ಮುಮ್ಮೇಳದ ಕುಣಿತವೆಲ್ಲ ಅವರ ತಾಳಕ್ಕೆ ಬದ್ಧ. ತಂತ್ರಾಂಶ ಬರೆದವರಿಗೆ ಹಿಮ್ಮೇಳ, ಮುಮ್ಮೇಳ ಗೊತ್ತಿರಲಾರದು. ಯಜಮಾನಿಕೆ ಮಾತ್ರ ಸರಿಯಾದವರ ಕೈಗೇ ಸಿಕ್ಕಿದೆ.

ಯೂಟ್ಯೂಬ್, ಫೇಸ್‌ಬುಕ್ ಪುಕ್ಕಟೆ ಇರುವಾಗ ಸ್ವಂತ ಸರ್ವರಿನ ಉಸಾಬರಿ ಯಾಕೆ? ನ್ಯಾಯವಾದ ಪ್ರಶ್ನೆ. ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗಿನ ಆಟ 64 ಕಿಲೋಬಿಟ್ ಸ್ವರವಾದರೆ ಒಬ್ಬನಿಗೆ ಸುಮಾರು 260 ಎಂಬಿ, 1.5 ಮೆಗಾಬಿಟ್ ವಿಡಿಯೋ ಆದರೆ 6 ಜಿಬಿ. ನೂರು ಜನ ಒಟ್ಟಿಗೆ ನೋಡಿದರೆ ಸರ್ವರಿನಿಂದ ಸೆಕೆಂಡಿಗೆ 150 ಮೆಗಾಬಿಟ್ ಹೊರಡಬೇಕು, ಸಾವಿರ ಜನವಾದರೆ ಅದರ ಹತ್ತರಷ್ಟು. ವಿಡಿಯೋವನ್ನು ಸಣ್ಣ ಸಣ್ಣ ಕಡತಗಳಾಗಿ ಕತ್ತರಿಸಿ ಊರೂರಿನ ಸರ್ವರುಗಳಿಂದ ಹಂಚುವ ‘ಎಚ್‌ಎಲ್‌ಎಸ್’ ಪದ್ಧತಿಯನ್ನು 2009ರಲ್ಲಿ ಆಪಲ್ ತಂದಮೇಲೆ ದೊಡ್ಡ ಸಭೆಯ ವಿಡಿಯೋಗೆ ಐಸ್‌ಕಾಸ್ಟ್ ಮಾದರಿ ಹಿಂದೆ ಬಿತ್ತು. ಇದನ್ನು ಒಪ್ಪಬೇಕು. ಮಂದಾರ್ತಿಯಂಥ ಮೇಳದ ಆಟದ ಚಿತ್ರವನ್ನು ದೊಡ್ಡ ವೇದಿಕೆಗೇ ಬಿಡುವುದು ಜಾಣತನ.

ಆದರೆ ಆ ವೇದಿಕೆಗಳು ಕೊಡದ ಒಂದು ಸಂಗತಿಯಿದೆ. ಫೋನಿನ ಪರದೆ ಆರಿಸಿದರೆ ಯೂಟ್ಯೂಬಿನ ಪುಕ್ಕಟೆ ಆ್ಯಪ್ ಸಾಮಾನ್ಯವಾಗಿ ಸುಮ್ಮನಾಗುತ್ತದೆ. ಬರೀ ಪದ ಕೇಳಬೇಕೆಂದರೆ ತಿಂಗಳ ಚಂದಾ ಕಟ್ಟಬೇಕು. ಬರೀ ಪದ ಕೇಳುವವರು ಯಾರು ಎನ್ನುತ್ತೀರಾ? ಬೆಂಗಳೂರಿನ ಎಂಟಿಆರ್ ಹೋಟೆಲನ್ನು 1924ರಲ್ಲಿ ಕಟ್ಟಿದ ಮಯ್ಯ ಸಹೋದರರು ಕೋಟದ ಬಗಲಿನ ಪಾರಂಪಳ್ಳಿಯವರು. ಅವರ ಹಿಂದೆ ಮುಂದೆ ಈ ಸೀಮೆಯಿಂದ ಹೋಟೆಲ್ ಕೆಲಸಕ್ಕೆ ಹೋದವರಿಗೆ ಲೆಕ್ಕವಿಲ್ಲ. ಬೆಳಗಿನ ಜಾವ ಹಿಟ್ಟು ಕಲಸುವವನ ಕಣ್ಣಿಗೆ, ಕೈಗೆ ಪುರುಸೊತ್ತಿಲ್ಲ, ಕಿವಿಗೆ ಇದೆ. ಚಿತ್ರ ಯೂಟ್ಯೂಬಿಗೆ ಹೋಗುತ್ತಿರುವಾಗಲೇ ಅದೇ ಮಿಕ್ಸರಿನ ಸ್ವರವನ್ನು ಐಸ್‌ಕಾಸ್ಟಿಗೂ ಬಿಟ್ಟರೆ ನೂರು ಕೇಳುಗರಿಗೆ ಸೆಕೆಂಡಿಗೆ ಬರೀ 6.4 ಮೆಗಾಬಿಟ್ ಸಾಕು. ಹಳೆಯ ಲ್ಯಾಪ್‌ಟಾಪ್ ಮತ್ತು ಮನೆಯ ಫೈಬರ್ ಸಂಪರ್ಕದಲ್ಲಿ ನಡೆಯುವ ಕೆಲಸ.

ಮೇಳದ, ಕಲಾವಿದರ ಒಪ್ಪಿಗೆ ಮೊದಲು ಬೇಕು, ಅದು ತಂತ್ರಾಂಶದ ಮಾತಲ್ಲ. ಮಿಕ್ಕದ್ದಕ್ಕೆ ಮಳೆಗಾಲವಿದೆ. ಮೇಳಗಳು ಮೇ ತಿಂಗಳಲ್ಲಿ ಗೆಜ್ಜೆ ಬಿಚ್ಚಿದಮೇಲೆ ನವೆಂಬರಿನವರೆಗೆ ಊರಲ್ಲಿ ತಾಳಮದ್ದಳೆಗಳು ನಡೆಯುತ್ತವೆ. ಕೂತವರು ಕೂತಲ್ಲೇ ಇರುವ, ಚಿತ್ರ ಹೆಚ್ಚು ಬೇಡದ ಕೂಟಗಳು. ಸ್ವರ ಎಷ್ಟು ತಡೆಯಬೇಕು, ಕೀಫ್ರೇಮ್ ಎಷ್ಟು ಸೆಕೆಂಡಿಗೊಂದು ಇಡಬೇಕು ಎಂಬುದನ್ನೆಲ್ಲ ಅಲ್ಲಿ ಹದ ಮಾಡಿಕೊಂಡರೆ, ಮೊದಲ ಸೇವೆಯಾಟಕ್ಕೆ ಚೌಕಿಯಲ್ಲಿ ಬಣ್ಣ ತೇಯುವ ಹೊತ್ತಿಗೆ ಕ್ಯಾಮೆರಾದವರಿಗೆ ಉಳಿಯುವುದು ದೀಪ ಕಟ್ಟುವ ಕೆಲಸ ಮಾತ್ರ.