ಸ್ಪರ್ಶಜ್ಞಾನವೂ ಕೈಕಾಲುಗಳ ರಕ್ಷಣೆಯೂ

ಒಲೆಯಿಂದ ಆಗತಾನೆ ಇಳಿಸಿದ ಪಾತ್ರೆಯನ್ನು ಮಗುವೊಂದು ಅರಿಯದೆ ಮುಟ್ಟಿದರೆ, ಮೊದಲು ಅದರ ಕೈ ಹಿಂದಕ್ಕೆ ಬರುವದು. "ಅಮ್ಮಾ" ಎಂಬ ಕೂಗು ಅನಂತರ ಹೊರಡುವದು. ಇದನ್ನು ಕಾಣದ ತಾಯಂದಿರಿಲ್ಲ. ಆದರೆ ಹೀಗೇಕಾಗುವದೆಂದು ಯೋಚಿಸಿದವರು ವಿರಳ. ನಮ್ಮ ಹಳೆಯ ವಿದ್ಯಾರ್ಥಿನಿಯರು ಶರೀರಶಾಸ್ತ್ರದ ತರಗತಿಯಲ್ಲಿ ಕಲಿತ ಈ ವಿಷಯವನ್ನು ನಾವು ಪುನಃ ನೆನಪಿಗೆ ತರಲು ಇಚ್ಛಿಸುತ್ತೇವೆ; ಏಕೆಂದರೆ ಇದನ್ನು ಅರಿತಿದ್ದರೆ ಒಬ್ಬರ ಕೈಯೋ ಕಾಲೋ ಉಳಿಯಬಹುದು.

ನಮ್ಮ ಚರ್ಮದಲ್ಲೆಲ್ಲಾ ಜ್ಞಾನತಂತುಗಳ ಸೂಕ್ಷ್ಮವಾದ ತುದಿಗಳು ಹರಡಿಕೊಂಡಿವೆ. ಬೆರಳು ಸುಡುತ್ತಲೇ ಆ ಸಮಾಚಾರವು ಇವುಗಳ ಮೂಲಕ ಬೆನ್ನುಹುರಿಯನ್ನು ಸೇರುವದು. ಬೆನ್ನುಹುರಿಯು ಮೆದುಳಿನ ಅಪ್ಪಣೆಗಾಗಿ ಕಾಯದೆ, ಚಲನತಂತುಗಳ ಮೂಲಕ ತೋಳಿನ ಸ್ನಾಯುಗಳಿಗೆ ಆಜ್ಞೆಯಿತ್ತು ಕೈಯನ್ನು ಹಿಂದೆಗೆಯಿಸುವದು. ಅದೇ ಸಮಾಚಾರವು ಮೆದುಳಿಗೇರಿ ನೋವೆಂಬ ಅರಿವು ಹುಟ್ಟುವಷ್ಟರಲ್ಲಿ ಕೈ ಅಪಾಯದಿಂದ ಪಾರಾಗಿರುವದು. ಸ್ನಾಯುಗಳಿಗೆ ಹೋಗುವ ದಪ್ಪ ತಂತುಗಳಲ್ಲಿ ಆಜ್ಞೆಯು ಸೆಕೆಂಡಿಗೆ ಸುಮಾರು 100 ಮೀಟರು ಓಡಬಲ್ಲದು. ಉರಿಯನ್ನು ಒಯ್ಯುವ ತೆಳ್ಳನೆಯ ತಂತುಗಳಲ್ಲಿ ವೇಗವು ಸುಮಾರು 1 ಮೀಟರು ಮಾತ್ರ. ಚುರುಕ್ಕೆಂದ ಬಳಿಕ ತುಸು ತಡೆದು ಉರಿ ತೋರುವದು ಇದರಿಂದಲೇ.

ಬೇಕೆಂದು ಮಾಡುವ ಕೆಲಸಗಳಿಗೂ ಸ್ಪರ್ಶಜ್ಞಾನವು ಅವಶ್ಯ. ಹೊಲಿಯುವಾಗ ಮೆದುಳು ಆಜ್ಞೆಯನ್ನು ಕೊಡುವದು. ಸೂಜಿಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೇವೆಂದು ಬೆರಳ ತುದಿಗಳು ಕ್ಷಣಕ್ಷಣಕ್ಕೂ ತಿಳಿಸುತ್ತಿರುವವು. ಕಿರುಮೆದುಳು ತಪ್ಪನ್ನು ತಿದ್ದುವದು. ಚಳಿಯಿಂದ ಬೆರಳು ಮರಗಟ್ಟಿದಾಗ ಅಂಗಿಯ ಗುಂಡಿ ಹಾಕುವದೂ ಕಷ್ಟವೆಂಬುದು ಎಲ್ಲರ ಅನುಭವ.

ಹಾಗಾದರೆ ಈ ಅರಿವೇ ಅಳಿದವರ ಗತಿಯೇನು? ನಾರ್ವೆ ದೇಶದ ಹ್ಯಾನ್ಸೆನ್ ಎಂಬ ವೈದ್ಯರು 1873ರಲ್ಲಿ ಕಂಡುಹಿಡಿದ ಕುಷ್ಠದ ಕ್ರಿಮಿಯು ನರಗಳಲ್ಲಿಯೇ ನೆಲೆಸಿ ಅವುಗಳನ್ನು ಕೆಡಿಸುವದು. ಈ ರೋಗದಲ್ಲಿ ಬೆರಳುಗಳು ತಾವಾಗಿಯೇ ಕೊಳೆತು ಉದುರುವವೆಂದು ಜನರು ನಂಬಿದ್ದರು. 1946ರಲ್ಲಿ ವೆಲ್ಲೂರಿಗೆ ಬಂದ ಡಾಕ್ಟರ್ ಪಾಲ್ ಬ್ರ್ಯಾಂಡ್‌ರವರು ಹಾಗಲ್ಲವೆಂದು ತೋರಿಸಿಕೊಟ್ಟರು. ನೋವು ತಿಳಿಯದ್ದರಿಂದ ಸುಟ್ಟ ಗಾಯವೂ ಕೊಯ್ದ ಗಾಯವೂ ಲಕ್ಷ್ಯಕ್ಕೆ ಬಾರದೆ, ಗಾಯದ ಮೇಲೆ ಗಾಯವಾಗಿ ಅಂಗವು ಸವೆದುಹೋಗುತ್ತಿತ್ತು. ಬಹುಕಾಲದ ಸಕ್ಕರೆ ಕಾಯಿಲೆಯವರ ಪಾದಗಳಲ್ಲಿಯೂ ಇಂಥದೇ ಅಪಾಯವುಂಟು.

ಆದಕಾರಣ ಮಕ್ಕಳ ಮೈಮೇಲೆ ಮುಟ್ಟಿದರೆ ತಿಳಿಯದ ಬಿಳಿಚಿದ ಅಥವಾ ಕೆಂಪಾದ ಮಚ್ಚೆ ಕಂಡರೆ, ಕಿರುಬೆರಳು ಜೋಮುಹಿಡಿದು ಬಾಗತೊಡಗಿದರೆ, ನೋವಿಲ್ಲವೆಂದು ಸುಮ್ಮನಿರಬಾರದು. ನೋವಿಲ್ಲದಿರುವದೇ ಅಲ್ಲಿ ಎಚ್ಚರಿಕೆಯು. ಮಗಳ ಮದುವೆಗೆ ಅಡ್ಡಿಯಾದೀತೆಂದು ಮುಚ್ಚಿಡುವ ತಂದೆತಾಯಿಗಳು ಅವಳ ಕೈಯನ್ನೇ ಕಳೆದಾರು. ಕುಷ್ಠವು ಶಾಪವೂ ಅಲ್ಲ, ವಂಶಪಾರಂಪರ್ಯವೂ ಅಲ್ಲ. ಸರಕಾರಿ ಆಸ್ಪತ್ರೆಗಳಲ್ಲಿ ಧರ್ಮಾರ್ಥವಾಗಿ ದೊರೆಯುವ ಔಷಧಗಳನ್ನು 6 ಅಥವಾ 12 ತಿಂಗಳು ತಪ್ಪದೆ ಸೇವಿಸಿದರೆ ರೋಗವು ಗುಣವಾಗುವದು. ಆದರೆ ಒಮ್ಮೆ ಪೂರ್ಣವಾಗಿ ಕೆಟ್ಟ ನರವು ಪುನಃ ಮೊದಲಿನಂತಾಗುವದು ದುರ್ಲಭ.

ನೋವನ್ನು ನಾವೆಲ್ಲರೂ ಶತ್ರುವೆಂದೇ ಎಣಿಸುತ್ತೇವೆ. ಅದು ಮನೆಬಾಗಿಲ ಕಾವಲುಗಾರನೆಂದೂ, ಅವನು ಮೌನವಾದಾಗ ನಾವೇ ಎಚ್ಚರವಾಗಿರಬೇಕೆಂದೂ ನಮ್ಮ ವಿದ್ಯಾರ್ಥಿನಿಯರು ತಮ್ಮ ತಮ್ಮ ಮನೆಗಳಲ್ಲಿ ತಿಳಿಸಿಕೊಟ್ಟರೆ, ತಾವು ಕಲಿತ ಪಾಠವು ಸಾರ್ಥಕವಾಗುವದು.