ಹೆಸರಿನ ಸಂತೆಯಲ್ಲಿ ದಲ್ಲಾಳಿಯ ಪಾಲು

ಮನೆಯನ್ನು ಮಾರಿಸಿಕೊಟ್ಟ ದಲ್ಲಾಳಿಗೆ ನೂರಕ್ಕೆ ಒಂದೋ ಎರಡೋ ರೂಪಾಯಿ ಎಣಿಸಿಕೊಡುವಾಗಲೂ ಯಜಮಾನನ ಕೈ ಒಂದು ಗಳಿಗೆ ತಡೆಯುವುದುಂಟು. ‘ಇವನು ಮಾಡಿದ್ದಾದರೂ ಏನು? ಎರಡು ಸಲ ಬಂದು ಕಾಫಿ ಕುಡಿದು ಹೋದ’ ಎಂಬ ಗೊಣಗಾಟ ಒಳಗಿನಿಂದ ಕೇಳಿಬಂದರೂ ಆಶ್ಚರ್ಯವಿಲ್ಲ. ಹೀಗಿರುವಾಗ ನೂರಕ್ಕೆ ಇಪ್ಪತ್ತೈದನ್ನು ಕೇಳುವ ದಲ್ಲಾಳಿಯೂ ಇದ್ದಾನೆಂದರೆ ಯಾರಾದರೂ ಹುಬ್ಬೇರಿಸಬೇಕಾದದ್ದೇ. ಅವನಿರುವುದು ಕಾಳಿನ ಮಂಡಿಯಲ್ಲಲ್ಲ, ನಿವೇಶನಗಳ ಪೇಟೆಯಲ್ಲೂ ಅಲ್ಲ. ಕೈಯಲ್ಲಿ ಹಿಡಿಯಲಾಗದ, ತಕ್ಕಡಿಯಲ್ಲಿ ತೂಗಲಾಗದ ಸರಕೊಂದರ ಸಂತೆಯಲ್ಲಿ. ಆ ಸರಕು ಬರಿಯ ಹೆಸರು.

ಅಂತರಜಾಲದಲ್ಲಿ ಅಂಗಡಿಯನ್ನು ತೆರೆಯುವವನಿಗೆ ವಿಳಾಸವೊಂದು ಬೇಕು. ‘ಡಾಟ್ ಕಾಮ್’ ಎಂದು ಕೊನೆಗೊಳ್ಳುವ ಇಂಥ ಡೊಮೇನ್ ಹೆಸರುಗಳಲ್ಲಿ ಮೊದಲನೆಯದು ನೋಂದಣಿಯಾದದ್ದು 1985ರ ಮಾರ್ಚ್ 15ರಂದು. ಹತ್ತು ವರ್ಷಗಳ ಕಾಲ ಅದಕ್ಕೆ ಶುಲ್ಕವೇ ಇರಲಿಲ್ಲ. 1995ರಲ್ಲಿ ನೆಟ್‌ವರ್ಕ್ ಸೊಲ್ಯೂಷನ್ಸ್ ಕಂಪೆನಿಯು ಎರಡು ವರ್ಷಕ್ಕೆ 100 ಡಾಲರ್ ವಿಧಿಸಿತು. ಆಮೇಲೆ ದರ ಇಳಿಯಿತು. ‘ಡಾಟ್ ಕಾಮ್’ ಹೆಸರುಗಳ ಪಟ್ಟಿಯನ್ನಿಟ್ಟುಕೊಂಡಿರುವ ವೆರಿಸೈನ್ ಕಂಪೆನಿಯ ಸಗಟು ದರ 2024ರ ಸೆಪ್ಟೆಂಬರಿನಲ್ಲಿ ವರ್ಷಕ್ಕೆ 10.26 ಡಾಲರ್ ಆಯಿತು. ಹೆಸರು ಜಗತ್ತಿಗೆಲ್ಲ ಒಂದೇ. ಮೊದಲು ಕೈಹಾಕಿದವನೇ ಅದರ ಒಡೆಯ. ಅಗ್ಗದಲ್ಲಿ ಹೆಸರುಗಳನ್ನು ಕೊಂಡಿಟ್ಟು, ಬೇಕಾದವನು ಬರುವವರೆಗೆ ಕಾಯುವ ವ್ಯಾಪಾರ ಹುಟ್ಟಿಕೊಂಡದ್ದು ಹೀಗೆ. 2019ರಲ್ಲಿ ‘ವಾಯ್ಸ್ ಡಾಟ್ ಕಾಮ್’ ಎಂಬ ಒಂದು ಹೆಸರು ಮೂರು ಕೋಟಿ ಡಾಲರಿಗೆ ಮಾರಾಟವಾಯಿತು.

ಒಡೆಯನೂ ಗ್ರಾಹಕನೂ ನೇರವಾಗಿ ಮಾತಾಡಿ ಮುಗಿಸಿಕೊಳ್ಳಬಾರದೇಕೆ ಎಂದು ಓದುಗರು ಕೇಳಬಹುದು. ಅದಕ್ಕೆ ಉತ್ತರವಾಗಿ ಒಂದು ಕಥೆಯಿದೆ. 1994ರಲ್ಲಿ ಅಮೆರಿಕದ ಗ್ಯಾರಿ ಕ್ರೆಮೆನ್ ಎಂಬವರು ಒಂದು ಹೆಸರನ್ನು ನೋಂದಾಯಿಸಿದರು. ಮನೆಮಂದಿಯೆಲ್ಲ ಓದುವ ಪುಟದಲ್ಲಿ ಅದನ್ನು ಬಿಡಿಸಿ ಬರೆಯುವಂತಿಲ್ಲ; ಇಂಗ್ಲಿಷಿನಲ್ಲಿ ಮೂರೇ ಅಕ್ಷರವೆಂದರೆ ಸಾಕು. ಮರುವರ್ಷ ಸ್ಟೀಫನ್ ಕೋಹೆನ್ ಎಂಬಾತ ಒಂದು ಖೋಟಾ ಪತ್ರವನ್ನು ಕಳುಹಿಸಿ, ಅದನ್ನು ತನ್ನ ವಶಕ್ಕೆ ಬರೆಸಿಕೊಂಡ. ನೋಂದಣಿ ಕಚೇರಿ ಆ ಪತ್ರವನ್ನು ಪರೀಕ್ಷಿಸುವ ಗೋಜಿಗೇ ಹೋಗಲಿಲ್ಲ. ಕ್ರೆಮೆನ್ನರಿಗೆ ಹೆಸರು ಹಿಂದಿರುಗಿದ್ದು 2000ದ ಕೊನೆಯಲ್ಲಿ. ಮರುವರ್ಷ ನ್ಯಾಯಾಲಯವು ಆರೂವರೆ ಕೋಟಿ ಡಾಲರುಗಳ ಪರಿಹಾರವನ್ನು ವಿಧಿಸಿತು, ಆದರೆ ಕೊಡಬೇಕಾದವನು ಮೆಕ್ಸಿಕೋ ಸೇರಿದ್ದ. ಹೆಸರೂ ಒಂದು ಸ್ವತ್ತೇ, ಅದನ್ನು ಅಪಹರಿಸಲು ಎಡೆಗೊಟ್ಟವರೂ ಉತ್ತರ ಹೇಳಬೇಕಾದೀತು ಎಂಬ ತೀರ್ಪು ಮೇಲಿನ ನ್ಯಾಯಾಲಯದಿಂದ ಹೊರಬಿದ್ದದ್ದು 2003ರಲ್ಲಿ.

ಅದೇ ಹೆಸರು 2010ರಲ್ಲಿ ಒಂದು ಕೋಟಿ ಮೂವತ್ತು ಲಕ್ಷ ಡಾಲರಿಗೆ ಕೈಬದಲಾಯಿಸಿತು. ಈ ಸಲ ನಡುವೆ ನಿಂತದ್ದು ಜರ್ಮನಿಯ ಸೆಡೋ ಎಂಬ ಮಾರುಕಟ್ಟೆ. ಇಂಥ ಮಾರುಕಟ್ಟೆಯು ಗ್ರಾಹಕನ ಹಣವನ್ನು ಮೊದಲು ತನ್ನಲ್ಲಿರಿಸಿಕೊಂಡು, ಹೆಸರು ವರ್ಗವಾದ ಬಳಿಕವೇ ಮಾರಿದವನಿಗೆ ಸಲ್ಲಿಸುತ್ತದೆ. ಒಬ್ಬರನ್ನೊಬ್ಬರು ಕಂಡರಿಯದ ಇಬ್ಬರ ನಡುವೆ ಈ ನಂಬಿಕೆಗೆ ಬೆಲೆಯಿಲ್ಲವೆನ್ನಲಾಗದು. ಅಷ್ಟೇ ಅಲ್ಲ, ಹೆಸರುಗಳನ್ನು ನೋಂದಾಯಿಸುವ ಹಲವಾರು ಅಂಗಡಿಗಳಲ್ಲಿ ಸರಕನ್ನು ಏಕಕಾಲಕ್ಕೆ ತೋರಿಸುವ ಜಾಲವೂ ಅದರ ಬಳಿಯಿರುತ್ತದೆ. ಎಲ್ಲೋ ದೂರದ ಊರಿನಲ್ಲಿ ಒಬ್ಬನು ಹೆಸರನ್ನು ಹುಡುಕುತ್ತಿರುವಾಗ ‘ಇದು ಇಂತಿಷ್ಟಕ್ಕೆ ದೊರೆಯುತ್ತದೆ’ ಎಂದು ತೋರಿದ ಅಂಗಡಿಗೂ ಕಮಿಷನ್ನಿನಲ್ಲಿ ಪಾಲು ಸಲ್ಲಬೇಕು.

ಇಷ್ಟರಮಟ್ಟಿಗೆ ದಲ್ಲಾಳಿಯ ಬೇಡಿಕೆ ನ್ಯಾಯವಾದದ್ದೇ. ಜಗಳ ಹುಟ್ಟುವುದು ಪ್ರಮಾಣದಲ್ಲಿ. ಹಾಲೆಂಡಿನ ಡ್ಯಾನ್ ಎಂಬ ಮಾರುಕಟ್ಟೆ ನೂರಕ್ಕೆ 9ರಂತೆ ಪಡೆಯುತ್ತಿದ್ದು ಮಾರುವವರ ಮೆಚ್ಚುಗೆಯನ್ನು ಗಳಿಸಿತ್ತು. ಜಗತ್ತಿನ ಅತಿ ದೊಡ್ಡ ನೋಂದಣಿ ಅಂಗಡಿಯಾದ ಗೋಡ್ಯಾಡಿಯು 2022ರಲ್ಲಿ ಅದನ್ನು ಕೊಂಡುಕೊಂಡಿತು. ಆಫ್ಟರ್ನಿಕ್ ಎಂಬ ಇನ್ನೊಂದು ಮಾರುಕಟ್ಟೆ 2013ರಲ್ಲೇ ಅದರ ಪಾಲಾಗಿತ್ತು. 2023ರ ಫೆಬ್ರವರಿಯಲ್ಲಿ ಆಫ್ಟರ್ನಿಕ್ಕಿನ ಹೊಸ ದರ ಜಾರಿಗೆ ಬಂದಿತು: ಹೆಸರಿನ ಮೇಲೆ ತನ್ನ ‘ಮಾರಾಟಕ್ಕಿದೆ’ ಹಲಗೆಯನ್ನು ತೂಗುಹಾಕಿದವರಿಗೆ ನೂರಕ್ಕೆ 15, ಹಾಕದವರಿಗೆ 25. ಡ್ಯಾನಿನ 9 ಕೂಡ ಬಹುಕಾಲ ಉಳಿಯಲಿಲ್ಲ.

ಹತ್ತು ಡಾಲರಿನ ಹೆಸರನ್ನು ಎರಡು ಸಾವಿರಕ್ಕೆ ಮಾರುವವನು ಐನೂರು ಕಳೆದುಕೊಂಡರೆ ಕಣ್ಣೀರು ಹಾಕುವವರಾರು ಎನ್ನಬಹುದು. ಲೆಕ್ಕವನ್ನು ಕೊನೆಯವರೆಗೆ ಹಾಕಿದರೆ ಚಿತ್ರ ಬೇರೆಯಾಗುತ್ತದೆ. ಕೊಂಡಿಟ್ಟ ನೂರು ಹೆಸರುಗಳಲ್ಲಿ ವರ್ಷಕ್ಕೆ ಒಂದೋ ಎರಡೋ ಮಾರಾಟವಾಗುತ್ತವೆಂಬುದು ಈ ವ್ಯಾಪಾರದವರ ವಾಡಿಕೆಯ ಮಾತು. ಹೆಸರಿಗೆ 11 ಡಾಲರಿನಂತೆ ನೂರನ್ನು ಉಳಿಸಿಕೊಳ್ಳಲು ವರ್ಷಕ್ಕೆ 1,100 ಬೇಕು. ಒಂದು ಹೆಸರು 2,000ಕ್ಕೆ ಹೋಯಿತೆನ್ನೋಣ. ನೂರಕ್ಕೆ 15ರ ದರದಲ್ಲಿ ಕೈಸೇರುವುದು 1,700, ಖರ್ಚು ಕಳೆದು ಉಳಿಯುವುದು 600. ನೂರಕ್ಕೆ 25ರ ದರದಲ್ಲಾದರೆ ಉಳಿಯುವುದು 400. ಹಲಗೆಯೊಂದನ್ನು ಹಾಕದ ತಪ್ಪಿಗೆ ವರ್ಷದ ಲಾಭದಲ್ಲಿ ಮೂರರಲ್ಲೊಂದು ಪಾಲು ಹೋಯಿತು!

ನಿಜವಾದ ತಕರಾರು ಆ ಹಲಗೆಯದೇ. ಗ್ರಾಹಕನು ಹೆಸರನ್ನು ತಾನೇ ಟೈಪ್ ಮಾಡಿ ಬಾಗಿಲಿಗೆ ಬಂದಾಗ ಅವನನ್ನು ಕರೆತಂದದ್ದು ಆ ಹೆಸರೇ ಹೊರತು ದಲ್ಲಾಳಿಯಲ್ಲ. ಅಂಗಡಿಗಳ ಜಾಲದಿಂದ ಬಂದವನನ್ನು ಕರೆತಂದದ್ದು ದಲ್ಲಾಳಿಯೇ. ನ್ಯಾಯವಾಗಿ ನೋಡಿದರೆ ಮೊದಲನೆಯದಕ್ಕೆ ಕಡಮೆ, ಎರಡನೆಯದಕ್ಕೆ ಹೆಚ್ಚು ತೆಗೆದುಕೊಳ್ಳಬೇಕು. ಈ ದರಪಟ್ಟಿ ಹಾಗೆ ಕೇಳುವುದಿಲ್ಲ. ಗ್ರಾಹಕನು ಎಲ್ಲಿಂದ ಬಂದನೆಂಬುದಕ್ಕಿಂತ ಬಾಗಿಲಲ್ಲಿ ಯಾರ ಹಲಗೆಯಿತ್ತೆಂಬುದನ್ನು ಕೇಳುತ್ತದೆ. ದಲ್ಲಾಳಿಗೂ ಸಮಾಧಾನವೊಂದಿಲ್ಲದಿಲ್ಲ: ತನ್ನ ಜಾಲದಲ್ಲಿ ಸರಕನ್ನು ಪ್ರದರ್ಶಿಸಿ, ಬಾಗಿಲಿಗೆ ಬಂದವನೊಡನೆ ಮಾತ್ರ ಗುಟ್ಟಾಗಿ ವ್ಯವಹರಿಸುವ ಒಡೆಯರು ಇದ್ದೇ ಇರುತ್ತಾರೆ. ಆದರೆ ಹತ್ತರ ವ್ಯತ್ಯಾಸವು ರಿಯಾಯಿತಿಗಿಂತ ದಂಡವನ್ನೇ ಹೆಚ್ಚಾಗಿ ಹೋಲುತ್ತದೆ. ದೊಡ್ಡ ಅಂಗಡಿಯೂ ದೊಡ್ಡ ಮಂಡಿಯೂ ಒಬ್ಬನದೇ ಆಗಿರುವಲ್ಲಿ ಮುನಿಸಿಕೊಂಡು ಪಕ್ಕದ ಮಂಡಿಗೆ ಹೋಗುವುದು ಸುಲಭವೂ ಅಲ್ಲ.

ಕೃಷಿ ಮಾರುಕಟ್ಟೆಗಳ ಬಗೆಗೆ 1966ರಲ್ಲಿ ಆದ ಕರ್ನಾಟಕದ ಕಾನೂನು ಕಮಿಷನ್ನನ್ನು ರೈತನ ತಲೆಗೆ ಕಟ್ಟದೆ ಕೊಳ್ಳುವವನ ಮೇಲೆ ಹೊರಿಸಿತು. (ಅದು ಎಷ್ಟರಮಟ್ಟಿಗೆ ಪಾಲನೆಯಾಗುತ್ತದೆಂಬುದನ್ನು ಮಂಡಿಗೆ ಟೊಮೆಟೋ ತಂದವರನ್ನೇ ಕೇಳಬೇಕು.) ಹೆಸರಿನ ಸಂತೆಯಲ್ಲಿ ಅಂಥ ಕಾನೂನಿಲ್ಲ. ಮಾರುವವನಿಗಿರುವ ದಾರಿಯೆಂದರೆ, ತನ್ನದೇ ಹಲಗೆಯನ್ನು ಹಾಕಿಕೊಂಡು, ಹಣವನ್ನು ಮಾತ್ರ ಮೂರನೆಯವರಲ್ಲಿರಿಸುವುದು. 1999ರಿಂದ ಈ ಕೆಲಸವನ್ನು ನಡೆಸುತ್ತ ಬಂದಿರುವ ಎಸ್ಕ್ರೋ ಡಾಟ್ ಕಾಮ್‌ನಂಥ ಸಂಸ್ಥೆಗಳ ಶುಲ್ಕ ದಲ್ಲಾಳಿಯ ಪಾಲಿಗಿಂತ ಬಹಳ ಕಡಮೆ. ಆಗ ಚೌಕಾಶಿ ಮಾಡುವುದು, ಕೇಳಿ ಮಾಯವಾಗುವವರ ಪತ್ರಗಳಿಗೆ ಉತ್ತರಿಸುವುದು, ನಡುರಾತ್ರಿಯಲ್ಲಿ ಬರುವ ಅಮೆರಿಕದ ಕರೆಗೆ ಎದ್ದು ಕೂರುವುದು, ಎಲ್ಲವೂ ಒಡೆಯನ ಪಾಲಿಗೇ ಬೀಳುತ್ತದೆ. ಅನುಭವಿಗಳಲ್ಲಿ ಕೆಲವರು ತಾವಾಗಿಯೇ ಜನರನ್ನು ಸೆಳೆಯುವ ಒಳ್ಳೆಯ ಹೆಸರುಗಳಿಗೆ ಈ ದಾರಿಯನ್ನು ಹಿಡಿದು, ಮಿಕ್ಕವುಗಳನ್ನು ದಲ್ಲಾಳಿಯ ಹಲಗೆಯ ಕೆಳಗೇ ಬಿಟ್ಟಿರುತ್ತಾರೆ.